ನೀರು ಕುಡಿದ ಹಾರ್ಡ್ ಡಿಸ್ಕ್, ಅಜ್ಜಿಯ 14 ಹಾಡು

ಬೆಳಗಿನ ಜಾವ ಮೂರು ಗಂಟೆ. ಬಾಯಾರಿಕೆ ಆಯ್ತು ಅಂತ ಎದ್ದು ಹಾಸಿಗೆಯಿಂದ ಕಾಲು ಕೆಳಗಿಟ್ಟೆ. ಪಾದ ಮುಳುಗಿತು.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ ನಿಮಗೂ ನೆನಪಿರಬಹುದು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಎಲ್ಲ ಕೆರೆಯಾಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿಕೊಂಡು ಆಫೀಸಿಗೆ ಹೋಗುವ ಫೋಟೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಸರ್ಜಾಪುರ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ನೆಲಮಹಡಿಯ ಬಾಡಿಗೆ ಮನೆಯಲ್ಲಿ ನಾನಿದ್ದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆ. ಆಮೇಲೆ ಟಾರ್ಚ್ ಹಿಡಿದು ಆಫೀಸಿನ ಲ್ಯಾಪ್‌ಟಾಪ್, ಮಾರ್ಕ್ಸ್‌ಕಾರ್ಡ್ ಫೈಲು, ಪಾಸ್‌ಪೋರ್ಟು, ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿದೆ. ಬೆಳಗ್ಗೆ ನಾನೂ ಒಂದು ಟ್ರ್ಯಾಕ್ಟರ್ ಹತ್ತಿ ಬನಶಂಕರಿಯ ಗೆಳೆಯನ ರೂಮು ಸೇರಿದೆ. ಅಲ್ಲಿ ಹೋದ್ರೆ ನಲ್ಲಿಯಲ್ಲಿ ನೀರಿಲ್ಲ! ಮಳೆಗೆ ಟಿ.ಕೆ. ಹಳ್ಳಿಯ ಪಂಪಿಂಗ್ ಸ್ಟೇಷನ್ ಮುಳುಗಿ ಕಾವೇರಿ ನೀರೇ ನಿಂತುಹೋಗಿತ್ತು. ಊರೆಲ್ಲ ನೀರು, ಕುಡಿಯೋಕೆ ಮಾತ್ರ ಇಲ್ಲ ಅಂತ ನಕ್ಕೆವು.

ಬುಧವಾರ ಮನೆಗೆ ವಾಪಸ್ ಬಂದು ಬೀರುವಿನ ಕೆಳಗಿನ ಡ್ರಾಯರ್ ಎಳೆದಾಗ ನಗು ನಿಂತಿತು. ಕೆಸರು ನೀರಿನಲ್ಲಿ ಒಂದು ಕಪ್ಪು ಡಬ್ಬಿ. ನನ್ನ 1 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್. ಎರಡೂವರೆ ದಿನ ನೀರಲ್ಲೇ ಇತ್ತು.

ಅದರಲ್ಲಿ ಏನಿತ್ತು?

ಅಕ್ಕನ ಮದುವೆ ಫೋಟೋ, ಕಾಲೇಜಿನ ಟ್ರಿಪ್ಪುಗಳು, ಒಂದಿಷ್ಟು ಸಿನಿಮಾ. ಅವು ಹೋಗಿದ್ರೆ ಒಂದು ವಾರ ಬೇಜಾರು ಮಾಡಿಕೊಂಡು ಸುಮ್ಮನಾಗ್ತಿದ್ದೆ. ಆದರೆ ಇನ್ನೊಂದು ಫೋಲ್ಡರ್ ಇತ್ತು. 2016ರ ಬೇಸಿಗೆ ರಜೆಯಲ್ಲಿ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ, ಜಗುಲಿ ಮೇಲೆ ಕೂತು ಅಜ್ಜಿಯಿಂದ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ 14 ಹಾಡು. ಸೋಬಾನೆ ಪದ, ರಾಗಿ ಬೀಸುವ ಪದ, ತೊಟ್ಟಿಲ ಪದ. ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಎಲ್ಲ ಬಾಯಲ್ಲೇ. 2019ರಲ್ಲಿ ಅಜ್ಜಿ ತೀರಿಕೊಂಡಳು.

ಇದೊಂದೇ ಕಾಪಿನಾ ಅಂತ ಕೇಳ್ತೀರಿ. ಹೌದು. ಹೇಗೆ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಫೋನ್ ತುಂಬಿತ್ತು, ಕ್ಲೌಡ್‌ನ ಉಚಿತ 15 ಜಿಬಿಯೂ ತುಂಬಿತ್ತು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿ, ಫೋನಲ್ಲಿ ಅಳಿಸಿ, ಆ ಫೋಲ್ಡರಿಗೆ ‘ಬ್ಯಾಕಪ್’ ಅಂತ ಹೆಸರಿಟ್ಟೆ. ಅದು ಬ್ಯಾಕಪ್ ಅಲ್ಲ, ಕಟ್-ಪೇಸ್ಟ್. ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಹೋಯ್ತು ಅಷ್ಟೆ. ಇನ್ನೂ ತಮಾಷೆ ಬೇಕಾ? ಆಫೀಸಿನಲ್ಲಿ ನನ್ನ ಕೆಲಸವೇ ಡೇಟಾಬೇಸ್‌ಗಳ ಬ್ಯಾಕಪ್ ಸರಿಯಾಗಿ ಆಗ್ತಿದೆಯಾ ಅಂತ ನೋಡೋದು. ಗ್ರಾಹಕರ ಡೇಟಾಗೆ ಮೂರು ಮೂರು ಕಾಪಿ. ಅಜ್ಜಿಯ ದನಿಗೆ ಬೀರುವಿನ ಡ್ರಾಯರ್.

ಸಂಜೆ ಅಮ್ಮ ಫೋನ್ ಮಾಡಿದಾಗ ಬಾಯಿತಪ್ಪಿ ಹೇಳಿಬಿಟ್ಟೆ.

“ಅಜ್ಜಿ ಹಾಡಿದ್ದು ಅದ್ರಲ್ಲೇ ಇತ್ತೇನೋ?”

“ಹ್ಞೂಂ ಅಮ್ಮ.”

“ಇನ್ನೆಲ್ಲೂ ಇಲ್ವಾ?”

“ಇಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. “ಹೋಗ್ಲಿ ಬಿಡು, ನೀನು ಹುಷಾರಾಗಿದೀಯಲ್ಲ” ಅಂದಳು. ಬೈದಿದ್ರೆ ಚೆನ್ನಾಗಿತ್ತು.

ಇಂಜಿನಿಯರ್ ಮಾಡಿದ ನಾಲ್ಕು ತಪ್ಪು

ಈಗ ಮುಂದಿನ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ. ಯಾಕಂದ್ರೆ ನಾನು ಮಾಡಿದ್ದನ್ನೆಲ್ಲ ನೀವು ಮಾಡಬಾರದು.

ಮೊದಲನೆಯದು, ಒಣಗಿಸಿದ್ದು. ಹೇರ್ ಡ್ರೈಯರ್ ಹಿಡಿದು ಅರ್ಧ ಗಂಟೆ ಬಿಸಿಗಾಳಿ ಕೊಟ್ಟೆ. ಹೊರಗಡೆ ಚೆನ್ನಾಗಿ ಒಣಗಿತು.

ಎರಡನೆಯದು, ಅದೇ ರಾತ್ರಿ ಪವರ್ ಕೊಟ್ಟಿದ್ದು. ಲ್ಯಾಪ್‌ಟಾಪಿಗೆ ಚುಚ್ಚಿದೆ. ಲೈಟು ಹತ್ತಿತು, ಸರ್ರನೆ ತಿರುಗುವ ಸದ್ದೂ ಬಂತು. ನನಗೆ ಕುಣಿದಾಡುವಷ್ಟು ಖುಷಿ. ಎರಡೇ ಸೆಕೆಂಡು. ಟಿಕ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಆಮೇಲೆ ಮೌನ. ಎಷ್ಟು ಸಲ ತೆಗೆದು ಚುಚ್ಚಿದರೂ ಲೈಟೂ ಇಲ್ಲ, ಸದ್ದೂ ಇಲ್ಲ.

ಮೂರನೆಯದು, ಅಕ್ಕಿ ಡಬ್ಬ. ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡುವ ಹಾಗೆ ಇದನ್ನೂ ಮೂರು ದಿನ ಇಟ್ಟೆ. ಅಕ್ಕಿ ಸುತ್ತಲಿನ ಗಾಳಿಯ ತೇವವನ್ನು ಒಂಚೂರು ಹೀರಬಹುದು, ಅಷ್ಟೆ. ಡಿಸ್ಕಿನ ಒಳಗೆ ಹೋದ ಕೆಸರು ನೀರನ್ನು ಅದು ಹೊರಗೆ ಎಳೆಯೋದಿಲ್ಲ. ಬದಲಿಗೆ ಅಕ್ಕಿಯ ಪುಡಿ ಸಂದುಗೊಂದಿಗೆ ಸೇರುತ್ತೆ.

ನಾಲ್ಕನೆಯದು, ಎಸ್.ಪಿ. ರೋಡಿಗೆ ಹೋಗಿ ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್ ಹುಡುಕಿ ತಂದಿದ್ದು. ಡಿಸ್ಕಿನ ಬೆನ್ನಿಗೆ ಹಸಿರು ಬಣ್ಣದ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತೆ. ನಕ್ಷತ್ರದ ಆಕಾರದ ತಲೆಯ ಸ್ಕ್ರೂಗಳನ್ನು ಬಿಚ್ಚಿದರೆ ಬರುತ್ತೆ. ಬಿಚ್ಚಿ ನೋಡಿದೆ. ಮೋಟಾರಿಗೆ ಕರೆಂಟ್ ಕೊಡುವ ಚಿಪ್ಪು ಸುಟ್ಟು ಗುಳ್ಳೆ ಎದ್ದಿತ್ತು, ಸಂಪರ್ಕದ ಜಾಗಗಳಲ್ಲಿ ಹಸಿರು ಕಿಲುಬು. ಹೊಸ ಬೋರ್ಡ್ ಹಾಕಿದೆ. ಪವರ್ ಕೊಟ್ಟೆ. ಈ ಸಲ ಮೌನ ಇಲ್ಲ. “ಬೀಪ್... ಬೀಪ್... ಬೀಪ್...”

ಹಾರ್ಡ್ ಡಿಸ್ಕಿನಲ್ಲಿ ಸ್ಪೀಕರ್ ಇಲ್ಲ. ಮತ್ತೆ ಬೀಪ್ ಎಲ್ಲಿಂದ? ಆ ಸದ್ದನ್ನು ರೆಕಾರ್ಡ್ ಮಾಡಿ, ಹಾರ್ಡ್‌ವೇರ್ ಕಂಪನಿಯಲ್ಲಿರುವ ನನ್ನ ಕಾಲೇಜು ಗೆಳೆಯನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. “ಮಗಾ, ಮೊದ್ಲು ಕೇಬಲ್ ಕಿತ್ತಾಕು. ಇನ್ನೊಂದ್ಸಲ ಪವರ್ ಕೊಟ್ರೆ ನಂಗೆ ಫೋನ್ ಮಾಡ್ಬೇಡ.”

ಆ ಡಬ್ಬಿಯೊಳಗೆ ಏನಾಗುತ್ತೆ?

ನಾನು ಬರೆಯೋದು ಕೋಡು. ಡಿಸ್ಕ್ ಹೇಗೆ ತಿರುಗುತ್ತೆ ಅಂತ ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದು ಬಿಟ್ಟರೆ ತಲೆ ಕೆಡಿಸಿಕೊಂಡವನಲ್ಲ. ಆ ರಾತ್ರಿ ಕೂತು ತಿಳಿದುಕೊಂಡೆ.

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆಗಳಿರುತ್ತವೆ. ನಮ್ಮ ಫೋಟೋ, ಹಾಡು ಎಲ್ಲ ಅದರ ಮೇಲಿನ ಅತಿ ತೆಳುವಾದ ಕಾಂತೀಯ ಪದರದಲ್ಲಿ. ಪೋರ್ಟಬಲ್ ಡಿಸ್ಕುಗಳಲ್ಲಿ ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಅಂದ್ರೆ ಸೆಕೆಂಡಿಗೆ 90 ಸುತ್ತು. ಓದುವ ಹೆಡ್ಡು ತಟ್ಟೆಯನ್ನು ಮುಟ್ಟೋದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತೆ. ನಮ್ಮ ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಹಾಗಿದ್ದ ಮೇಲೆ ಒಂದು ಬೆರಳಚ್ಚು, ಒಂದು ಧೂಳಿನ ಕಣ ಆ ಹೆಡ್ಡಿಗೆ ದಾರಿಗಡ್ಡ ಬಂದ ಬಂಡೆಯೇ ಸರಿ.

ಹಾಗಾದ್ರೆ ಡಬ್ಬಿ ಪೂರ್ತಿ ಸೀಲ್ ಆಗಿರಬೇಕಲ್ವಾ? ಇಲ್ಲ. ದೊಡ್ಡ ಸಾಮರ್ಥ್ಯದ ಕೆಲವು ಡಿಸ್ಕುಗಳಿಗೆ ಹೀಲಿಯಂ ತುಂಬಿ ಸೀಲ್ ಮಾಡಿರುತ್ತಾರೆ. ಮಾಮೂಲಿ ಡಿಸ್ಕುಗಳಲ್ಲಿ ಒಳಗಿನ, ಹೊರಗಿನ ಗಾಳಿಯ ಒತ್ತಡ ಒಂದೇ ಇರಲಿ ಅಂತ ಉಸಿರಾಡೋಕೆ ಒಂದು ಸಣ್ಣ ತೂತು ಇರುತ್ತೆ. ಧೂಳು ಬಾರದಂತೆ ಅದಕ್ಕೊಂದು ಫಿಲ್ಟರ್. ಧೂಳು ತಡೆಯುವ ಆ ಫಿಲ್ಟರ್, ಎರಡೂವರೆ ದಿನ ನಿಂತ ನೀರನ್ನು ತಡೆಯಲಾರದು.

ಹೀಗಾಗಿ ನೀರಿಗೆ ಬಿದ್ದ ಡಿಸ್ಕ್ ತಿರುಗದೆ ಇದ್ದಾಗ ಮೊದಲು ಕಿವಿಗೊಟ್ಟರೆ ಕಾಯಿಲೆ ಗೊತ್ತಾಗುತ್ತೆ ಅಂತಾರೆ. ಆದರೆ ಒಂದು ಮಾತು: ಈ ಸದ್ದು ಕೇಳೋಕೆ ಅಂತಲೇ ಒದ್ದೆ ಡಿಸ್ಕಿಗೆ ಪವರ್ ಕೊಡಬೇಡಿ. ಈಗಾಗಲೇ ಕೊಟ್ಟಾಗಿದೆ ಅನ್ನುವ ನನ್ನಂಥವರಿಗೆ ಮಾತ್ರ ಇದು.

ಪೂರ್ತಿ ಮೌನ: ಬಹುಪಾಲು ಬೋರ್ಡಿನ ತೊಂದರೆ. ಕರೆಂಟು ಮೋಟಾರಿನವರೆಗೆ ಹೋಗ್ತಿಲ್ಲ. ಕೆಲವು ಸಲ ಹೊರಗಿನ ಯುಎಸ್‌ಬಿ ಭಾಗ ಮಾತ್ರ ಹಾಳಾಗಿರಬಹುದು.

ಬೀಪ್ ಅಥವಾ ಗುಂಯ್‌ಗುಡುವ ಸದ್ದು: ಮೋಟಾರಿಗೆ ಕರೆಂಟು ಬರ್ತಿದೆ, ತಿರುಗೋಕೆ ಒದ್ದಾಡ್ತಿದೆ, ಆದರೆ ಆಗ್ತಿಲ್ಲ. ಹೆಡ್ಡು ತಟ್ಟೆಗೆ ಅಂಟಿಕೊಂಡಿರಬಹುದು ಅಥವಾ ಮೋಟಾರಿನ ಅಕ್ಷವೇ ಬಿಗಿಹಿಡಿದಿರಬಹುದು.

ತಿರುಗಿ, ಟಕ್ ಟಕ್ ಅನ್ನೋದು: ತಟ್ಟೆ ತಿರುಗ್ತಿದೆ, ಹೆಡ್ಡಿಗೆ ಓದೋಕೆ ಆಗ್ತಿಲ್ಲ.

ಮೂರಕ್ಕೂ ಮನೆಯಲ್ಲಿ ಮಾಡಬಹುದಾದ ಕೆಲಸ ಒಂದೇ. ಕೇಬಲ್ ಕೀಳೋದು.

“ಎಷ್ಟು ಸಲ ಪವರ್ ಕೊಟ್ರಿ?”

ಗೆಳೆಯನೇ ಹೇಳಿದ ಒಂದು ಡೇಟಾ ರಿಕವರಿ ಲ್ಯಾಬಿಗೆ ಸೋಮವಾರ ಹೋದೆ. ಕೌಂಟರಿನಲ್ಲಿದ್ದ ಟೆಕ್ನಿಷಿಯನ್ ಮೇಡಂ ಡಿಸ್ಕ್ ತಿರುಗಿಸಿ ತಿರುಗಿಸಿ ನೋಡಿದರು.

“ನೀರಿಗೆ ಬಿದ್ದ ಮೇಲೆ ಎಷ್ಟು ಸಲ ಪವರ್ ಕೊಟ್ರಿ ಸರ್?”

“ಒಂದೆರಡು ಸಲ.”

ಅವರು ಸುಮ್ಮನೆ ನನ್ನ ಮುಖ ನೋಡಿದರು. ಡಾಕ್ಟರ ಮುಂದೆ ಕೂತ ಹಾಗಾಯ್ತು. “ಏಳೆಂಟು ಸಲ” ಅಂತ ಒಪ್ಪಿಕೊಂಡೆ.

“ಹಳೇ ಬೋರ್ಡ್ ಇದೆಯಾ, ಬಿಸಾಕಿದ್ರಾ?”

ಪುಣ್ಯಕ್ಕೆ ಬಿಸಾಕಿರಲಿಲ್ಲ. ಯಾಕೆ ಕೇಳಿದರು ಅಂತ ಆಮೇಲೆ ವಿವರಿಸಿದರು. ಪ್ರತಿ ಡಿಸ್ಕಿನ ಹೆಡ್ಡು, ತಟ್ಟೆ ಸೂಕ್ಷ್ಮದಲ್ಲಿ ಬೇರೆ ಬೇರೆ. ಆ ಡಿಸ್ಕಿಗೇ ಹೊಂದುವ ಲೆಕ್ಕಾಚಾರವನ್ನು ಕಾರ್ಖಾನೆಯಲ್ಲೇ ಬೋರ್ಡಿನ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿರುತ್ತಾರೆ. ಅದೇ ಮಾಡೆಲ್ಲಿನ ಬೇರೆ ಬೋರ್ಡ್ ಹಾಕಿದರೂ, ಹಳೆಯ ಚಿಪ್ಪನ್ನು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕದಿದ್ದರೆ ಸಾಮಾನ್ಯವಾಗಿ ಡಿಸ್ಕ್ ಓದಲ್ಲ. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಡೇಟಾವನ್ನು ಗೂಢಲಿಪಿಗೆ ತಿರುಗಿಸುವ ಕೆಲಸವೂ ಬೋರ್ಡಿನದ್ದೇ. ಆ ಬೋರ್ಡ್ ಕಸಕ್ಕೆ ಹೋದರೆ ತಟ್ಟೆ ಚೆನ್ನಾಗಿದ್ದರೂ ಕಥೆ ಮುಗೀತು.

ಇನ್ನೊಂದು ಮಾತು ಕೇಳಿ ನಾನು ಪೆಚ್ಚಾದೆ. ಒಣಗಿಸಲೇಬಾರದಿತ್ತಂತೆ. ಕೆಸರು ನೀರು ಒಣಗಿದರೆ ಅದರಲ್ಲಿದ್ದ ಮಣ್ಣು, ಉಪ್ಪು ತಟ್ಟೆಯ ಮೇಲೆ ಕಲೆಯಾಗಿ ಕೂರುತ್ತೆ. ಒದ್ದೆ ಡಿಸ್ಕನ್ನು ಒದ್ದೆ ಬಟ್ಟೆಯ ಜೊತೆ ಜಿಪ್‌ಲಾಕ್ ಕವರಿನಲ್ಲಿ ಹಾಕಿ ಹಾಗೇ ತರಬೇಕು. ಒಳಗಿನ ನೀರನ್ನು ತೊಳೆದು ಒಣಗಿಸುವ ಕೆಲಸ ಅವರದ್ದು. ಅದಕ್ಕೆ ಧೂಳಿನ ಕಣಗಳನ್ನು ಸೋಸಿದ ಗಾಳಿಯ ಪ್ರತ್ಯೇಕ ಕೋಣೆ ಬೇಕು. ಯೂಟ್ಯೂಬ್ ನೋಡಿ ಊಟದ ಟೇಬಲ್ ಮೇಲೆ ಮುಚ್ಚಳ ಬಿಚ್ಚುವವರ ಡಿಸ್ಕುಗಳೂ ಇಲ್ಲಿಗೆ ಬರ್ತವೆ, ಆದರೆ ಹೇಳೋಕೆ ಏನೂ ಉಳಿದಿರಲ್ಲ ಅಂದರು.

ಖರ್ಚು 38 ಸಾವಿರ ಅಂದರು. ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು. ಎಷ್ಟು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ನಿಮಿಷ ಯೋಚನೆ ಮಾಡಿದೆ. ಜಗುಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತಾ, ಹಾಡಿನ ಮಧ್ಯೆ “ಕೋಳಿ ಓಡ್ಸು ಮಗ” ಅನ್ನುತ್ತಿದ್ದ ದನಿ ನೆನಪಾಯ್ತು. ಫಾರಂ ಮೇಲೆ ಸಹಿ ಹಾಕಿದೆ.

ಕಾಯುವಾಗ ಧೈರ್ಯಕ್ಕೆ ಅಂತ ಒಂದು ಕಥೆ ಓದಿದ್ದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಹೋದರಲ್ಲ, ಅದರ ಅವಶೇಷಗಳಲ್ಲಿ ಒಂದು ಸುಟ್ಟು ಕರಕಲಾದ ಹಾರ್ಡ್ ಡಿಸ್ಕ್ ಸಿಕ್ಕಿತ್ತು. ಹೊರಗಿನ ಪ್ಲಾಸ್ಟಿಕ್, ಸೀಲು ಎಲ್ಲ ಕರಗಿದ್ದವು. ಆದರೂ ತಟ್ಟೆಗಳನ್ನು ಸ್ವಚ್ಛ ಮಾಡಿ, ಬೇರೆ ಡಿಸ್ಕಿನ ಭಾಗಗಳ ಜೊತೆ ಜೋಡಿಸಿ ಸುಮಾರು 99% ಡೇಟಾ ತೆಗೆದರು. ಅದರಲ್ಲಿದ್ದ ಕ್ಸೆನಾನ್ ಅನಿಲದ ಪ್ರಯೋಗದ ಫಲಿತಾಂಶ 2008ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯ್ತು. ಆಕಾಶದಿಂದ ಬಿದ್ದ ಡಿಸ್ಕೇ ಉಳಿದಿದ್ದರೆ ಬೀರುವಿನಲ್ಲಿ ಮುಳುಗಿದ್ದು ಉಳಿಯಲ್ವಾ ಅಂತ ನನಗೆ ನಾನೇ ಹೇಳಿಕೊಂಡೆ.

“ಈ ಗೀರು ನೀರು ಮಾಡಿದ್ದಲ್ಲ”

ದೀಪಾವಳಿಗೆ ನಾಲ್ಕು ದಿನ ಮುಂಚೆ ಫೋನ್ ಬಂತು. ಹೋದೆ. ಮೇಡಂ ಕಂಪ್ಯೂಟರ್ ಪರದೆಯಲ್ಲಿ ತಟ್ಟೆಯ ಫೋಟೋ ತೋರಿಸಿದರು. ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಕಲೆ. “ಇದು ನೀರಿನದ್ದು. ತೊಳೆದಿದ್ದಕ್ಕೆ ಬಹುಪಾಲು ಹೋಯ್ತು.” ಇನ್ನೊಂದು ಕಡೆ ಉಗುರಲ್ಲಿ ಗೀರಿದ ಹಾಗೆ ಒಂದು ಕಿರಿದಾದ ಗೆರೆ. “ಈ ಗೀರು ನೀರು ಮಾಡಿದ್ದಲ್ಲ ಸರ್.”

ಏನಾಗಿತ್ತು ಅಂದ್ರೆ, ಡಿಸ್ಕ್ ಸುಮ್ಮನಿದ್ದಾಗ ಹೆಡ್ಡು ತಟ್ಟೆಯ ಮೇಲೆ ಇರೋದೇ ಇಲ್ಲ. ಪಕ್ಕದ ಒಂದು ಪುಟ್ಟ ಇಳಿಜಾರಿನ ಮೇಲೆ ಕ್ಷೇಮವಾಗಿ ಕೂತಿರುತ್ತೆ. ತಟ್ಟೆ ವೇಗವಾಗಿ ತಿರುಗೋಕೆ ಶುರುವಾದ ಮೇಲೆ ಮಾತ್ರ ಒಳಗೆ ಬರುತ್ತೆ. ಇದ್ದಕ್ಕಿದ್ದ ಹಾಗೆ ಕರೆಂಟ್ ಹೋದರೂ, ತಿರುಗುತ್ತಿರುವ ಮೋಟಾರಿನಿಂದಲೇ ಹುಟ್ಟುವ ಒಂಚೂರು ವಿದ್ಯುತ್ತಿನಿಂದ ಅದು ವಾಪಸ್ ತನ್ನ ಜಾಗಕ್ಕೆ ಸರಿಯುವ ವ್ಯವಸ್ಥೆ ಇದೆ. ನಾನು ಮೊದಲ ರಾತ್ರಿ ಪವರ್ ಕೊಟ್ಟಾಗ ತಟ್ಟೆ ತಿರುಗಿತು, ಹೆಡ್ಡು ಒಳಗೆ ಬಂತು. ಅಷ್ಟರಲ್ಲಿ ಒದ್ದೆ ಬೋರ್ಡಿನಲ್ಲಿ ಶಾರ್ಟ್ ಆಗಿ, ಹೆಡ್ಡನ್ನು ವಾಪಸ್ ಕರೆಯಬೇಕಾದ ಚಿಪ್ಪೇ ಸುಟ್ಟಿತು. ಹೆಡ್ಡು ತಟ್ಟೆಯ ಮೇಲೆ ಕೂತು ಅಂಟಿಕೊಂಡಿತು. ಆಮೇಲೆ ಹೊಸ ಬೋರ್ಡ್ ಹಾಕಿ ನಾನು ಕೇಳಿದ ಪ್ರತಿ ಬೀಪೂ, ಅಂಟಿದ ಹೆಡ್ಡನ್ನು ಎಳೆದಾಡಲು ಮೋಟಾರು ಮಾಡಿದ ಪ್ರಯತ್ನ.

ಅಂದ್ರೆ ಎರಡೂವರೆ ದಿನ ಕೆಸರು ನೀರಲ್ಲಿ ಮುಳುಗಿದ್ದಾಗ ಅಜ್ಜಿಯ ಹಾಡುಗಳು ಬಹುಶಃ ಚೆನ್ನಾಗೇ ಇದ್ದವು. ಹಾಳು ಮಾಡಿದ್ದು ನನ್ನ ಅವಸರ.

ಲ್ಯಾಬಿನವರು ಬೋರ್ಡ್ ಚಿಪ್ಪು ಬದಲಿಸಿ, ಬೇರೆ ಡಿಸ್ಕಿನ ಹೆಡ್ಡು ಹಾಕಿ, ಗೀರು ಇರುವ ಜಾಗ ಬಿಟ್ಟು ಸುತ್ತಮುತ್ತಲಿನದ್ದನ್ನು ಮೊದಲು ಕಾಪಿ ಮಾಡಿಕೊಂಡಿದ್ದರು. ಫೋಟೋಗಳು ಹೆಚ್ಚುಕಡಿಮೆ ಎಲ್ಲ ಬಂದವು. 14 ಹಾಡಿನಲ್ಲಿ 11 ಪೂರ್ತಿ ಇವೆ. ಒಂದು ಅರ್ಧಕ್ಕೆ ನಿಲ್ಲುತ್ತೆ. ಎರಡು ಇಲ್ಲ.

ಊರಿಗೆ ಹೋದ ಮೇಲೆ

ಹಬ್ಬಕ್ಕೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಹಾಕಿದೆ. ಅಮ್ಮ ಅಡುಗೆಮನೆಯಿಂದ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಳು. ಒಂದಾದ ಮೇಲೆ ಒಂದು. ಕೋಳಿ ಓಡಿಸೋಕೆ ಹೇಳುವ ಮಾತು ಬಂದಾಗ ನಕ್ಕಳು. ಆಮೇಲೆ ಆ ಅರ್ಧ ಉಳಿದ ಹಾಡು ಬಂತು, ರಾಗಿ ಬೀಸುವ ಪದ. ಒಂದು ಸಾಲಿನ ನಡುವೆ ಟಕ್ಕಂತ ನಿಂತಿತು.

ನಾನು ಏನು ಹೇಳೋದು ಅಂತ ತಡವರಿಸುತ್ತಿದ್ದೆ. ಅಮ್ಮ ಅಲ್ಲೇ ನಿಂತು ಮುಂದಿನ ಸಾಲು ಶುರು ಮಾಡಿದಳು. ರಾಗ ಒಂಚೂರು ಬೇರೆ, ಗಂಟಲು ಬೇರೆ, ಹಾಡು ಅದೇ. ನಮ್ಮಮ್ಮ ಹಾಡ್ತಾಳೆ ಅಂತ ಮೂವತ್ತು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. “ತಡಿ ತಡಿ ಅಮ್ಮ, ಮೊದಲಿಂದ ಹೇಳು” ಅಂತ ಫೋನ್ ತೆಗೆದೆ.

ಹೋದ ಎರಡರಲ್ಲಿ ಒಂದು ಅಮ್ಮನಿಗೆ ಅರ್ಧಂಬರ್ಧ ಬರುತ್ತೆ. ಇನ್ನೊಂದು ಬರೋದೇ ಇಲ್ಲ. “ನಿಮ್ ದೊಡ್ಡಮ್ಮಂಗೆ ಬರ್ಬೋದು, ಕೇಳ್ಬೇಕು” ಅಂದಳು. ಮಾರನೇ ದಿನ ಬೈಕಿನಲ್ಲಿ ದೊಡ್ಡಮ್ಮನ ಊರಿಗೆ ಹೋದೆವು. ಒಂದು ಸಿಕ್ಕಿತು. ಇನ್ನೊಂದು, ತೊಟ್ಟಿಲ ಪದ, ಯಾರಿಗೂ ನೆನಪಿಲ್ಲ. ಅದು ಹೋಯ್ತು.

ಈಗ ನಮ್ಮ ಮನೆಯ ಹಾಡುಗಳು ಮೂರು ಕಡೆ ಇವೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು, ಊರಿನಲ್ಲಿ ಅಕ್ಕನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು. ನಮ್ಮ ಕೆಲಸದಲ್ಲಿ ಇದಕ್ಕೆ 3-2-1 ಅಂತಾರೆ: ಮೂರು ಕಾಪಿ, ಎರಡು ಬೇರೆ ಬಗೆಯ ಸಾಧನ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಆರು ತಿಂಗಳಿಗೊಮ್ಮೆ ಒಂದಷ್ಟು ಫೈಲು ತೆರೆದು ಓಡುತ್ತಾ ಅಂತ ನೋಡ್ತೀನಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬೋದು ಹೇಗೆ?

ನಿಮ್ಮ ಡಿಸ್ಕ್ ಯಾವತ್ತಾದರೂ ನೀರಿಗೆ ಬಿದ್ದರೆ ಇಷ್ಟು ನೆನಪಿಡಿ. ಪವರ್ ಕೊಡಬೇಡಿ. ಹೇರ್ ಡ್ರೈಯರ್ ಬೇಡ, ಅಕ್ಕಿ ಬೇಡ, ಮುಚ್ಚಳ ಬಿಚ್ಚೋದು ಬೇಡ, ಅಲ್ಲಾಡಿಸೋದು, ತಟ್ಟೋದು ಬೇಡ. ಒದ್ದೆ ಬಟ್ಟೆಯ ಜೊತೆ ಕವರಿಗೆ ಹಾಕಿ, ಬೇಗ ಲ್ಯಾಬಿಗೆ ಒಯ್ಯಿರಿ. ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿ.

ಅದಕ್ಕಿಂತ ಮೊದಲು ಇನ್ನೊಂದು. ಇದನ್ನು ಓದಿ ಮುಗಿಸಿದ ಮೇಲೆ, ನಿಮ್ಮ ಮನೆಯವರ ದನಿ ನಿಮ್ಮ ಫೋನಿನಲ್ಲಿ ಎಲ್ಲಿದೆ ಅಂತ ಹುಡುಕಿ. ಒಂದೇ ಕಡೆ ಇದ್ದರೆ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ದನಿಯೇ ಇಲ್ಲ ಅಂದ್ರೆ, ಈ ಭಾನುವಾರ ಊರಿಗೆ ಫೋನ್ ಮಾಡಿ. ಅವರಿಗೆ ಯಾವ ಹಾಡು ಬರುತ್ತೆ ಅಂತ ಕೇಳಿ.